ಕಾರ್ಗಿಲ್ ಮೀನಿಗೆ ಜೊತೆ

ಬ್ರಹ್ಮಾವರದ ಅಕ್ವೇರಿಯಂ ಅಂಗಡಿಗೆ ನಾನು ಹೋದದ್ದು ಅದು ಮೂರನೇ ಸಲ. ಉಪ್ಪುಂದದಿಂದ ಹೊರಟು ಕುಂದಾಪುರದಲ್ಲಿ ಬಸ್ಸು ಬದಲಾಯಿಸಿ ಹೋಗಬೇಕು. ನನ್ನನ್ನು ಕಂಡ ಕೂಡಲೇ ಅಂಗಡಿಯವರು ಕೇಳಿದರು.

"ಎಂತ ಅಕ್ಕ, ಅದ್ನೂ ಕೊಂದ್ ಹಾಕ್ತಾ ನಿಮ್ಮ ಕಾರ್ಗಿಲ್?"

ಹೌದು ಎಂದೆ.

"ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಪು ಮೀನ್ ಅದ್. ಅದನ್ನ ಯಾರಾರೂ ಸಾಕ್ತ್ರಾ ಮಾರಾಯ್ರೆ? ಕಡಲಿಗ್ ಬಿಟ್ ಬಿಡಿ."

"ಬಿಡುಕೆ ಆತಿಲ್ಲೆ. ಅದ್ರ ಒಟ್ಟಿಗೆ ಬದುಕು ಮೀನ್ ಯಾವ್ದಾರೂ ಇದ್ರೆ ಕೊಡಿ" ಎಂದೆ. ಆ ಮೀನನ್ನು ತಂದದ್ದು ನನ್ನ ಗಂಡ, ಅವರು ಹೋಗಿ ನಾಲ್ಕು ತಿಂಗಳಾಯಿತು ಎಂದು ಹೇಳಲು ಬಾಯಿ ಬರಲಿಲ್ಲ. ಅಂಗಡಿಯಲ್ಲಿ ಬೇರೆಯವರೂ ಇದ್ದರು.

ಅದರ ಹೆಸರು ನಮ್ಮಲ್ಲಿ ಕಾರ್ಗಿಲ್. ಆ ಯುದ್ಧದ ಸಮಯದಲ್ಲಿ ರಾಶಿ ರಾಶಿಯಾಗಿ ಬಲೆಗೆ ಬೀಳತೊಡಗಿತಂತೆ, ಹಾಗಾಗಿ ಆ ಹೆಸರು. ಕಡುನೀಲಿ ಮೈ, ಕೆಂಪು ಹಲ್ಲು. ಅದು ಬಂದ ಕಡೆ ಬೇರೆ ಮೀನು ಸಿಗುವುದಿಲ್ಲ ಎಂದು ಬೋಟಿನವರೆಲ್ಲ ಬೈಯುತ್ತಾರೆ. ನನ್ನ ಗಂಡ ಬೋಟಿನ ತಾಂಡೇಲರು, ಬೋಟು ನಡೆಸುವವರು. ಅವರೂ ಬೈದವರೇ. ಹಾಗಿದ್ದೂ ಒಂದು ದಿನ ಅಂಗೈ ಅಗಲದ ಒಂದು ಮರಿಯನ್ನು ಬಾಲ್ದಿಯಲ್ಲಿ ಜೀವಂತ ತಂದರು. ಜಗಲಿಯಲ್ಲಿ ಅವರದೊಂದು ಉಪ್ಪುನೀರಿನ ಗಾಜಿನ ತೊಟ್ಟಿ ಮೊದಲೇ ಇತ್ತು. ಕಲ್ಲುಗಳ ಮೇಲೆ ಮೆತ್ತನೆಯ ಹವಳಗಳು, ಒಂದು ಜೋಡಿ ಕಿತ್ತಳೆ ಬಣ್ಣದ ಕ್ಲೌನ್ ಮೀನು, ಒಂದು ಹಳದಿ ಮೀನು, ಕೆಂಪು ಪಟ್ಟೆಯ ಒಂದು ಸಿಗಡಿ. "ಇದ್ ಹವಳ ಮುಟ್ಟುದಿಲ್ಲೆ. ಹೊಟ್ಟಿ ತುಂಬಿದ್ರೆ ಯಾರನ್ನೂ ಮುಟ್ಟುದಿಲ್ಲೆ" ಎಂದರು. ಕಾರ್ಗಿಲನ್ನು ತೂತಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು ಒಂದು ವಾರ ಅದೇ ತೊಟ್ಟಿಯಲ್ಲಿ ತೇಲಿಸಿದರು. ಎಲ್ಲರೂ ಮುಖ ನೋಡಿ ಅಭ್ಯಾಸವಾದ ಮೇಲೆ ಬಿಟ್ಟರು. ಎರಡು ವರ್ಷ ಜಗಳವಿರಲಿಲ್ಲ. ಬೆಳಿಗ್ಗೆ ಸಂಜೆ ಸಿಗಡಿಯ ಚೂರು ಹಾಕಬೇಕು, ಅಷ್ಟೇ. ಅವರು ಕಡಲಿಗೆ ಹೋದಾಗ ನಾನೇ ಹಾಕುತ್ತಿದ್ದೆ.

ಅವರು ತೀರಿಕೊಂಡ ದಿನ ಯಾರೋ ಫ್ರಿಜ್ಜಿನಲ್ಲಿದ್ದ ಮೀನು, ಸಿಗಡಿ ಎಲ್ಲವನ್ನೂ ತೆಗೆದು ಆಚೆ ಮನೆಗೆ ಕೊಟ್ಟುಬಿಟ್ಟರು. ಸೂತಕದ ಮನೆಯೊಳಗೆ ಹನ್ನೊಂದು ದಿನ ಮೀನು ತರುವ ಹಾಗಿಲ್ಲ. ಇದು ನಮ್ಮಲ್ಲಿ ಯಾರೂ ಕೇಳದೆ ನಡೆಯುವ ಮಾತು. ಮೂರನೆಯ ದಿನ ನನಗೆ ತೊಟ್ಟಿಯ ನೆನಪಾಯಿತು. ಅತ್ತೆಯವರಿಗೆ ಹೇಳಿದೆ.

"ಮನಿಯವ್ರೆಲ್ಲ ಸಪ್ಪೆ ಉಂಬುದಲ್ದಾ? ಅದೂ ಈ ಮನಿದೇ. ಅದಕ್ಕೂ ಸೂತಕ. ಒಂಚೂರ್ ಅನ್ನ ಹಾಕ್ ಹೆಣ್ಣೆ" ಎಂದರು ಅತ್ತೆ. ಅವರು ಮಗನನ್ನು ಕಳೆದುಕೊಂಡು ಕೂತವರು. ಅನ್ನ ಹಾಕಿದೆ. ಅದು ತಳದಲ್ಲಿ ಕೊಳೆಯಿತು. ಹಸಿದ ಕಾರ್ಗಿಲ್ ಮೊದಲು ಸಿಗಡಿಯನ್ನು ತಿಂದಿತು. ಆಮೇಲೆ ಉಳಿದವರನ್ನು ಒಂದೊಂದಾಗಿ ಕಚ್ಚತೊಡಗಿತು. ಹನ್ನೆರಡನೆಯ ದಿನ ನಾನು ಹೋಗಿ ನೋಡಿದಾಗ ಕಲ್ಲಿನ ಸಂದಿಯಲ್ಲಿ ಒಂದೇ ಒಂದು ಕ್ಲೌನ್ ಮೀನು ಅಡಗಿ ಕೂತಿತ್ತು, ಬಾಲ ಹರಿದು.

ಎಲ್ಲಿಂದಲಾದರೂ ಅವೇ ಮೀನುಗಳನ್ನು ತಂದು ಅವರು ಬಿಟ್ಟು ಹೋದ ಹಾಗೇ ತೊಟ್ಟಿಯನ್ನು ಇಡಬೇಕು ಎಂದು ಆ ದಿನ ಹಠ ಹುಟ್ಟಿತು. ಅವರ ಕೈಯಿಂದ ಆದದ್ದರಲ್ಲಿ ಜೀವ ಇರುವುದು ಅದೊಂದೇ. ಅದನ್ನು ಕೂಡ ಹಾಳು ಮಾಡಿದವಳು ಎಂದು ನನಗೇ ಅನಿಸುವುದು ಬೇಡವಾಗಿತ್ತು.

ಮೊದಲನೇ ಸಲ ಬ್ರಹ್ಮಾವರದಿಂದ ಆ ಕ್ಲೌನ್ ಮೀನಿಗೆ ಜೊತೆ ತಂದೆ. ಕಾರ್ಗಿಲಿಗೆ ಮೊದಲಿನ ಹಾಗೇ ಸಿಗಡಿ ಹಾಕುತ್ತ, ಹೊಸದನ್ನು ಬುಟ್ಟಿಯಲ್ಲಿ ಒಂದು ವಾರ ತೇಲಿಸಿಯೇ ಬಿಟ್ಟೆ. ಮಾರನೆಯ ದಿನ ಅದರ ತಲೆ ಮಾತ್ರ ಇತ್ತು. ಅಂಗಡಿಯವರು ಆಗಲೇ ಹೇಳಿದ್ದರು, ತೊಟ್ಟಿಯ ಕಲ್ಲುಗಳನ್ನು ಅದಲುಬದಲು ಮಾಡದೆ ಹೊಸ ಮೀನು ನಿಲ್ಲುವುದಿಲ್ಲ, ಹಳೆಯದು ಇಡೀ ಜಾಗ ತನ್ನದೆಂದು ತಿಳಿದಿರುತ್ತದೆ ಎಂದು. ಆ ಕಲ್ಲುಗಳನ್ನು ಜೋಡಿಸಲು ನನ್ನ ಗಂಡನಿಗೆ ಒಂದು ಇಡೀ ಮಳೆಗಾಲ ಬೇಕಾಗಿತ್ತು. ಬೋಟು ದಡದಲ್ಲಿದ್ದ ದಿನಗಳವು. ನಾನು ಮುಟ್ಟಲಿಲ್ಲ.

ಆಮೇಲೆ ಮೈದುನ ಬಂದು, ಇದಕ್ಕೆ ಗಟ್ಟಿ ಮೀನೇ ಬೇಕು ಎಂದು ಬೋಟಿನಿಂದ ಒಂದು ಮುರು ಮೀನಿನ ಮರಿ ತಂದ. "ಇದನ್ನ ಕಚ್ಚುಕೆ ಬಂದ್ರೆ ಕಾರ್ಗಿಲಿಗೆ ಹಲ್ಲೇ ಉಳಿತಿಲ್ಲೆ ಅತ್ಗೆ" ಎಂದ. ಅವನ ಮಾತು ನಿಜ. ಕಾರ್ಗಿಲ್ ಅದರ ತಂಟೆಗೆ ಹೋಗಲಿಲ್ಲ. ಮುರು ಮಾತ್ರ, ನಾವು ನೋಡುತ್ತಿದ್ದ ಹಾಗೇ ಉಳಿದ ಒಂದು ಕ್ಲೌನ್ ಮೀನನ್ನು ಬಾಯಿ ತೆರೆದು ನುಂಗಿತು. ಅದನ್ನು ಯಾರು ಕಚ್ಚುತ್ತಾರೆ ಎಂದು ಯೋಚಿಸಿದ ನಾವು, ಅದು ಯಾರನ್ನು ತಿನ್ನುತ್ತದೆ ಎಂದು ಯೋಚಿಸಿರಲಿಲ್ಲ. ಹುಟ್ಟಿದಾಗಿನಿಂದ ಮೀನು ಕಂಡವರು ನಾವು! ಮೈದುನನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಮುರುವನ್ನು ಬಾಲ್ದಿಗೆ ಹಾಕಿಕೊಂಡು ಹೋದ.

ಎರಡನೇ ಸಲ ಅಂಗಡಿಯವರು ಪಟ್ಟೆ ಪಟ್ಟೆಯ ಒಂದು ಪುಂಡ ಮೀನು ಕೊಟ್ಟರು. ಎರಡು ದಿನ ಬಾಳಿತು.

ಮೂರನೇ ಸಲ ಅವರು ಹಳದಿ ಮೀನೊಂದನ್ನು ತೋರಿಸಿದರು. ಮೊದಲಿದ್ದ ಜಾತಿಯದೇ, ಆದರೆ ದೊಡ್ಡದು. ಬೆನ್ನ ಮೇಲೆ ಸಾಲು ಮುಳ್ಳು, ಅದರಲ್ಲಿ ನಂಜು. ಪಾಚಿ ತಿಂದುಕೊಂಡು ತನ್ನ ಪಾಡಿಗಿರುತ್ತದೆ ಎಂದರು. "ಆದ್ರೆ ಅಕ್ಕ, ಕಲ್ಲ್ ತೆಗಿಯುದಾದ್ರೆ ಮಾತ್ರ ಕೊಡ್ತೆ. ಇಲ್ದಿರೆ ಇಲ್ಲೆ. ಮೀನ್ ಕೊಲ್ಲುಕೆ ಅಂಗಡಿ ಇಟ್ಟದ್ದಲ್ಲ ನಾನ್."

ಸಿಟ್ಟು ಬಂತು. ಅಂಗಡಿಯವರ ಮೇಲೆ, ಕಾರ್ಗಿಲ್ ಮೇಲೆ, ಹೇಳದೆ ಕೇಳದೆ ಹೋದ ಗಂಡನ ಮೇಲೆ. ಆದರೂ ತೆಗೆಯುತ್ತೇನೆ ಎಂದೆ.

ಮಾರನೆಯ ಬೆಳಿಗ್ಗೆ ಸೆರಗು ಸಿಕ್ಕಿಸಿ ತೊಟ್ಟಿಗೆ ಕೈ ಹಾಕಿದೆ. ಕಾರ್ಗಿಲ್ ತನ್ನ ಸಂದಿಗೆ ನುಗ್ಗಿ, ಬೆನ್ನಿನ ಮುಳ್ಳು ನಿಗುರಿಸಿ ಕಚ್ಚಿ ಕೂತಿತು. ಎಳೆದರೆ ಬರುವ ಮೀನಲ್ಲ. ಕೊನೆಗೆ ಕಲ್ಲಿನ ಸಮೇತ ಎತ್ತಿ ಉಪ್ಪುನೀರಿನ ಟಬ್ಬಿಗೆ ಇಳಿಸಿದೆ. ಒಂದು ವಾರ ಅದು ಅಲ್ಲೇ ಇರಬೇಕು, ಹಳದಿ ಮೀನು ಮೊದಲು ಮನೆ ಮಾಡಿಕೊಳ್ಳಬೇಕು. ಉಳಿದ ಕಲ್ಲುಗಳನ್ನು ಒಂದೊಂದಾಗಿ ತೆಗೆದೆ. ಯಾವುದರ ಮೇಲೆ ಯಾವುದು ಇತ್ತು ಎಂದು ನೆನಪಿಟ್ಟುಕೊಳ್ಳಬಾರದು ಎಂದುಕೊಂಡರೂ ಕಣ್ಣು ನೆನಪಿಟ್ಟುಕೊಳ್ಳುತ್ತಿತ್ತು. ತಿರುಗಿ ಜೋಡಿಸಲು ಹೋದರೆ ಒಂದೂ ನಿಲ್ಲಲಿಲ್ಲ. ಮೂರು ಸಲ ಕುಸಿಯಿತು. ಬೆರಳು ತರಚಿ ಉಪ್ಪುನೀರು ಉರಿಯಿತು. ಕೆಸರೆದ್ದ ನೀರಿನೊಳಗೆ ಮೊಣಕೈ ತನಕ ಕೈ ಮುಳುಗಿಸಿಕೊಂಡು ನಾನು ಅತ್ತದ್ದು ಆಗಲೇ. ಹನ್ನೊಂದು ದಿನವೂ ಅಷ್ಟು ಅತ್ತಿರಲಿಲ್ಲ.

ಸಂಜೆಗೆ ಕಲ್ಲುಗಳು ಹೇಗೋ ನಿಂತವು, ಹಳದಿ ಮೀನನ್ನು ಬಿಟ್ಟೆ. ಎಂಟನೆಯ ದಿನ ಹೊಟ್ಟೆ ತುಂಬ ಸಿಗಡಿ ಕೊಟ್ಟು ಕಾರ್ಗಿಲನ್ನು ಬಿಟ್ಟೆ. ಅದು ಗಾಜಿನುದ್ದಕ್ಕೂ ಸುತ್ತಿ ತನ್ನ ಸಂದಿ ಹುಡುಕಿತು. ಇಲ್ಲ. ಹಳದಿ ಮೀನಿನ ಹತ್ತಿರ ಹೋಯಿತು. ಅದು ಮುಳ್ಳೆತ್ತಿ ಅಡ್ಡ ನಿಂತಿತು. ಕಾರ್ಗಿಲ್ ಹಿಂದೆ ಸರಿದು, ಬೇರೆ ಮೂಲೆಯ ಒಂದು ಸಂದಿಗೆ ಹೊಕ್ಕಿತು. ಈಗ ಇಪ್ಪತ್ತು ದಿನ. ಎರಡೂ ಇವೆ. ನಾಳೆ ಏನೋ ಗೊತ್ತಿಲ್ಲ. ಕ್ಲೌನ್ ಮೀನಾಗಲಿ ಕೆಂಪು ಪಟ್ಟೆಯ ಸಿಗಡಿಯಾಗಲಿ ಇನ್ನು ತರುವುದಿಲ್ಲ.

ನಿನ್ನೆ ಮೈದುನ ಬಂದವನು ತೊಟ್ಟಿಯ ಎದುರು ನಿಂತು ನೋಡಿದ.

"ಅಣ್ಣ ಹೀಂಗ್ ಇಟ್ಟದ್ದಲ್ಲ ಅಲ್ದಾ ಅತ್ಗೆ?"

"ಅಲ್ಲ. ನಾನ್ ಇಟ್ಟದ್ದ್."

"ಆ ಕಲ್ಲ್ ಓರೆ ಇತ್ತ್. ಸಮ ಮಾಡ್ತೆ" ಎಂದು ಅಂಗಿಯ ತೋಳು ಮಡಚಿದ.

ಮುಟ್ಟಬೇಡ ಎಂದೆ.