ಕೊನೆಯ ಗಾಡಿಯ ಉತ್ತರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ಯಾರ ಯಾರ ಮೇಲೆ ನಾನು ಹಲ್ಲು ಕಡಿಯುತ್ತಿದ್ದೆನೋ ಅವರನ್ನೇ ಇವತ್ತು ನೆನೆಸಿಕೊಂಡು ಕೈ ಮುಗಿಯುತ್ತಿದ್ದೇನೆ.

ನಮ್ಮ ಮನೆಯವರದು ದೊಡ್ಡ ದನಿ. ವಿಜಯಪುರದ ಕಡೆಯ ಬಯಲಿನಲ್ಲಿ ಬೆಳೆದ ಆ ದನಿ ಸಯನ್ನಿನ ನಮ್ಮ ಸಣ್ಣ ಫ್ಲ್ಯಾಟಿನಲ್ಲಿ ಹಿಡಿಸುತ್ತಲೇ ಇರಲಿಲ್ಲ. ಹಾಲ್‌ನಲ್ಲಿ ಕೂತು ಅವರು ಚಾ ಕೇಳಿದರೆ ಎದುರು ಬಿಲ್ಡಿಂಗಿನವರು ಕಿಟಕಿ ತೆರೆದು ನೋಡುತ್ತಿದ್ದರು. ಅದಕ್ಕೆ ತಕ್ಕ ಜಾಗ ಸಿಕ್ಕಿದ್ದು ಜೀಪಿನಲ್ಲಿ. ನಡುವಯಸ್ಸಿನಲ್ಲಿ ಒಂದು ಹಳೆಯ ಜೀಪು ತಂದರು. ಡಾಂಬರು ಮುಗಿದ ಮೇಲೆ ಶುರುವಾಗುವ ದಾರಿಗಳಲ್ಲಿ ಅದನ್ನು ಹತ್ತಿಸಿ ಇಳಿಸುವ ಹುಚ್ಚು ಹಿಡಿಯಿತು. ಬೆನ್ನು ಮುರಿದುಕೊಳ್ಳಲು ಅಷ್ಟು ದೂರ ಹೋಗಬೇಕೆ, ಲೋಕಲ್ ರೈಲಿನಲ್ಲೇ ಮುರಿಯುತ್ತದಲ್ಲ ಎಂದು ನಾನು ಅನ್ನುತ್ತಿದ್ದೆ. ಅಂದುಕೊಂಡೇ ಪ್ರತಿ ಸಲ ಜೊತೆಗೆ ಹೋಗುತ್ತಿದ್ದೆ.

ಒಟ್ಟು ನಾಲ್ಕು ಗಾಡಿಗಳ ಗುಂಪು ನಮ್ಮದು. ಒಂದು ನಮ್ಮದು. ಇನ್ನೊಂದು ಗ್ಯಾರೇಜು ನಡೆಸುವ ಭಾಯಿಯದು. ನಮ್ಮ ಊರ ಕಡೆಯವರೇ, ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಮೂರನೆಯದು ಬೊರಿವಲಿಯ ಗಂಡ ಹೆಂಡತಿಯದು, ಇಬ್ಬರೂ ಬ್ಯಾಂಕಿನಿಂದ ನಿವೃತ್ತರಾದವರು. ನಾಲ್ಕನೆಯದು ಅಂಧೇರಿಯ ಹುಡುಗಿಯದು. ಹುಡುಗಿ ಎಂದರೆ ಮೂವತ್ತು ದಾಟಿದವಳು, ಸಿನಿಮಾ ಶೂಟಿಂಗ್‌ಗಳಲ್ಲಿ ಸೌಂಡ್ ಹಿಡಿಯುವ ಕೆಲಸ. ಮನೆಯಲ್ಲಿ ತುಳು, ಹೊರಗೆ ಹಿಂದಿ, ನಮ್ಮ ಪಾಲಿಗೆ ಚೂರು ಪಾರು ಕನ್ನಡ.

ಕಾಡು ದಾರಿಯಲ್ಲಿ ಮೊಬೈಲ್ ನಡೆಯುವುದಿಲ್ಲ. ಅದಕ್ಕೇ ಗಾಡಿಗೊಂದು ವಾಕಿಟಾಕಿ, ಲೈಸೆನ್ಸ್ ಬೇಡದ ಸಣ್ಣ ಜಾತಿಯದು. ಮುಂದಿನ ಗಾಡಿ ನಮ್ಮದು. ಗುಂಡಿ ಬಂದರೆ, ತಿರುವು ಬಂದರೆ, ಎದುರಿಗೆ ಎಮ್ಮೆ ಬಂದರೆ ನಮ್ಮವರು ಕೂಗಿ ಹೇಳುತ್ತಿದ್ದರು. ಪ್ರತಿ ತಿರುವು ದಾಟಿದ ಮೇಲೆ, "ಎಲ್ಲಾರೂ ಬಂದ್ರೇನು?" ಎಂದು ಕೇಳುವುದು ಅವರದೇ ಪದ್ಧತಿ. ಎರಡನೆಯ ಗಾಡಿಯಿಂದ ಹಿಡಿದು ಕೊನೆಯದರ ತನಕ ಒಬ್ಬೊಬ್ಬರಾಗಿ "ಬಂದ್ವಿ" ಅನ್ನಬೇಕು. ಕೊನೆಯ ಗಾಡಿಯ ಉತ್ತರ ಬರುವ ತನಕ ಯಾರೂ ಚಕ್ರ ಉರುಳಿಸುವಂತಿಲ್ಲ. ಈ ಕಾಯ್ದೆ ಹಾಕಿದವರೂ ಅವರೇ.

ಆಮೇಲೆ ಅವರ ಕೊರಳಲ್ಲಿ ಗಂಟು ಕಾಣಿಸಿಕೊಂಡಿತು. ಅದು ದನಿಯ ನರಕ್ಕೆ ಅಂಟಿಕೊಂಡಿದೆ, ತೆಗೆದರೆ ದನಿ ಹೋಗಬಹುದು, ತೆಗೆಯದಿದ್ದರೆ ಆಗದು ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಜೀವ ಉಳಿಯಿತು. ದನಿ ಹೋಯಿತು. ಉಳಿದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಒಂದು ಪಿಸುಮಾತು. ಅದೂ ಫ್ಯಾನ್ ತಿರುಗುತ್ತಿದ್ದರೆ ಕೇಳಿಸುತ್ತಿರಲಿಲ್ಲ. ಜೀವ ಉಳಿಸಿಕೊಟ್ಟ ಆ ಕೈಗಳನ್ನು ನಾನು ದಿನಾ ನೆನೆಯುತ್ತೇನೆ. ಆದರೆ ಮನೆಗೆ ಬಂದದ್ದು ಬೇರೆಯೇ ಮನುಷ್ಯ.

ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನಮ್ಮವರ ಬಾಯಿ ನಾನಾದೆ. ಹಾಲಿನವನಿಗೆ, ಲಿಫ್ಟಿನಲ್ಲಿ ಸಿಕ್ಕವರಿಗೆ, ಫೋನಿಗೆ, ಎಲ್ಲಕ್ಕೂ ನಾನೇ ಉತ್ತರ. ಬರಬರುತ್ತ ಅವರು ಉತ್ತರ ಕೊಡುವ ಗೊಡವೆಯನ್ನೇ ಬಿಟ್ಟರು. ಯಾರಾದರೂ ಏನಾದರೂ ಕೇಳಿದರೆ ನನ್ನ ಮುಖ ನೋಡುವರು. ನೋಡಲು ಬಂದ ನೆಂಟರೊಬ್ಬರು ಸಮಾಧಾನ ಹೇಳುತ್ತ, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ" ಎಂದರು. ಹಾಗಿದ್ದರೆ ನೀವೂ ಸ್ವಲ್ಪ ಬಂಗಾರ ಮಾಡಿಕೊಳ್ಳಿ ಎಂದುಬಿಟ್ಟೆ. ಅವರು ಚಾ ಕುಡಿಯದೆ ಎದ್ದರು.

ಆಪರೇಷನ್ ಆಗಿ ಎರಡು ತಿಂಗಳಿಗೆ ಭಾಯಿ ಗುಂಪಿನ ಮೆಸೇಜಿನಲ್ಲಿ, ಚಳಿಗಾಲಕ್ಕೆ ಎಲ್ಲಾದರೂ ಹೋಗೋಣ, ಎಲ್ಲರೂ ಬರ್ತೀರೇನು ಎಂದು ಕೇಳಿದ್ದರು. ಉಳಿದವರು ಬರ್ತೀವಿ ಎಂದರು. ನಮ್ಮವರು ಓದಿ ಫೋನು ಮಗುಚಿಟ್ಟರು. ಭಾಯಿಯ ಗ್ಯಾರೇಜಿನಲ್ಲಿದ್ದ ಜೀಪನ್ನು ಮಾರಿಬಿಡಲು ಅವರಿಗೆ ಹೇಳು ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನಾನು ಹೇಳಿದೆ. ಭಾಯಿ, "ಗೇರ್‌ಬಾಕ್ಸ್ ಬಿಚ್ಚಿ ಇಟ್ಟೀನಿ ಭಾಭಿ, ಈಗ ಯಾರೂ ತಗೊಳ್ಳಂಗಿಲ್ಲ" ಅಂದರು. ತಿಂಗಳ ಮೇಲೆ ತಿಂಗಳು ಗೇರ್‌ಬಾಕ್ಸ್ ಬಿಚ್ಚಿಯೇ ಇತ್ತು.

ಆ ಚಳಿಗಾಲ ಕಳೆಯಿತು. ಟ್ರಿಪ್ಪಿಗೆ ಹೋದಿರೇನು ಎಂದು ನಾನು ಫೋನಿನಲ್ಲಿ ಕೇಳಿದಾಗ ಒಬ್ಬರು ಕ್ಲಚ್ ಸರಿಯಿಲ್ಲ ಎಂದರು, ಇನ್ನೊಬ್ಬರು ಮೊಣಕಾಲು ನೋವು ಎಂದರು, ಹುಡುಗಿ ಶೂಟಿಂಗ್ ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವರ ಮಾತು. ಆಮೇಲೊಂದು ದಿನ ಹುಡುಗಿ ನಮ್ಮ ಮನೆಗೆ ಬಂದಾಗ ಅವಳ ಗಾಡಿಯ ತುಂಬ ಕೆಂಪು ಕೆಸರು. ಓಹೋ, ನಮ್ಮನ್ನು ಬಿಟ್ಟು ಹೋಗಿ ಬಂದರು, ಎಂದುಕೊಂಡೆ. ದನಿ ಇದ್ದಾಗ ಮುಂದಿನ ಗಾಡಿ, ದನಿ ಹೋದ ಮೇಲೆ ಸುದ್ದಿಯೂ ಇಲ್ಲ. ಸಂಜೆಯ ಭಾಂಡಿ ತಿಕ್ಕುವಾಗ ಅವರೆಲ್ಲರನ್ನೂ ಮನಸ್ಸಿನಲ್ಲೇ ತಿಕ್ಕುತ್ತಿದ್ದೆ.

ಮರುವರ್ಷ ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ ಎಲ್ಲರೂ ಒಟ್ಟಿಗೇ ನಮ್ಮ ಬಾಗಿಲಿಗೆ ಬಂದರು. ಭಾಯಿಯ ಕೈಯಲ್ಲಿ ವಾಕಿಟಾಕಿಗಳ ಚೀಲ. ಬೊರಿವಲಿಯವರು ಹಾಲ್‌ನ ನಡುವೆ ಒಂದು ನಕ್ಷೆ ಹಾಸಿದರು. ಆರೋಗ್ಯ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಮುರಬಾಡದ ಆಚೆ, ಗುಡ್ಡದ ಬುಡದಲ್ಲಿ ಒಂದು ಕೆರೆ, ಅದರ ದಂಡೆಯಲ್ಲಿ ಕೊಯ್ಲಾದ ಗದ್ದೆ. ಒಂದು ರಾತ್ರಿ ಡೇರೆ ಹಾಕಲು ಗದ್ದೆಯವರು ಒಪ್ಪಿದ್ದಾರೆ ಎಂದು ನೇರ ಕೆಲಸಕ್ಕೇ ಇಳಿದರು.

ಕ್ಯಾಂಪಿನ ವಿಷಯ ಬಂದರೆ ನನಗೆ ಸುಮ್ಮನಿರಲಾಗುವುದಿಲ್ಲ. ಹೆಂಗಸರಿಗೆ ಶೌಚದ ಡೇರೆ ಬೇರೆ ಬೇಕು, ಅದೂ ಅಡುಗೆಯ ಕಡೆ ಗಾಳಿ ಬೀಸದ ದಿಕ್ಕಿಗೆ, ಜೊತೆಗೊಂದು ಸಲಿಕೆ ಬೇಕು ಎಂದೆ. ಸೌದೆಗಾಗಿ ಮರ ಮುಟ್ಟುವಂತಿಲ್ಲ, ಗ್ಯಾಸ್ ಒಲೆ ತರಬೇಕು ಎಂದೆ. ಊಟಕ್ಕೆ ನನ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇವೆ. ಗಾಡಿ ಎಷ್ಟು ಕುಲುಕಿದರೂ ಕೆಡದ ಊಟ ಅದೊಂದೇ. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ, ಇವರ ಮೇಲೆ ನಾನು ಸಿಟ್ಟಾಗಿದ್ದೇನೆ ಎಂಬುದು ನೆನಪಾಯಿತು.

ನಮ್ಮವರು ಬಾಲ್ಕನಿಯ ಪಕ್ಕ ಕುರ್ಚಿಯಲ್ಲಿದ್ದರು. ಭಾಯಿ ಒಂದು ವಾಕಿಟಾಕಿಯನ್ನು ಅವರ ತೊಡೆಯ ಮೇಲಿಟ್ಟರು. ಅವರು ಅದನ್ನು ಮುಟ್ಟಲಿಲ್ಲ. ಫೋನಿನಲ್ಲಿ ಏನೋ ಬರೆದು ಎಲ್ಲರತ್ತ ತಿರುಗಿಸಿದರು. 'ನನ್ನ ಗಾಡಿ ಉತ್ತರ ಕೊಡಂಗಿಲ್ಲ. ನಾಲ್ಕು ಮಂದಿಯನ್ನ ದಾರ್‍ಯಾಗ ನಿಲ್ಲಸ್ತೀನಿ. ನೀವು ಹೋಗಿ ಬರ್ರಿ.'

"ಅದಕ್ಕೇನಂತೆ, ವೈನಿ ಪಕ್ಕದಲ್ಲೇ ಇರ್ತಾರಲ್ಲ. ಅವರೇ ಮಾತಾಡ್ತಾರೆ" ಎಂದರು ಬೊರಿವಲಿಯಾಕೆ. ನಮ್ಮವರು ಎಂದಿನಂತೆ ನನ್ನ ಮುಖ ನೋಡಿದರು.

ಆ ನೋಟ ನನಗೆ ಸಾಕಾಗಿತ್ತು. ಸಿಟ್ಟೋ ಅಳುವೋ ತಿಳಿಯದು, "ನಾ ಅವರ ಗಾಡ್ಯಾಗ ಕೂಡಂಗಿಲ್ಲ" ಎಂದೆ. "ನಾ ಬೊರಿವಲಿಯವರ ಗಾಡ್ಯಾಗ ಬರ್ತೀನಿ. ಅವರ ಉತ್ತರ ಅವರೇ ಕೊಡ್ಲಿ. ಹ್ಯಾಂಗ ಕೊಡ್ತಾರೋ ನೀವ್ ನೋಡ್ರಿ."

ಆಗ ನೆಲದ ಮೇಲೆ ಕೂತು ವಾಕಿಟಾಕಿಗಳಿಗೆ ಬ್ಯಾಟರಿ ತುಂಬುತ್ತಿದ್ದ ಹುಡುಗಿ ತಲೆ ಎತ್ತದೆಯೇ, "ಆಂಟಿ, ಸೆಟ್ ಮೇಲೆ ನಾವು ಯಾರೂ ಬಾತ್ ಮಾಡೋದೇ ಇಲ್ಲ ನಾ" ಎಂದಳು. "ಕ್ಯಾಮೆರಾ ಚಾಲೂ ಇದ್ರೆ ಆವಾಜ್ ಮಾಡ್ಬಾರ್ದು. ವಾಕಿ ಮೇಲೆ ಕೋಯಿ ಕೇಳಿದ್ರೆ, ಬಸ್ ಬಟನ್ ಒತ್ತೋದು. ಖಟ್. ಸುನ್ ಲಿಯಾ, ಕೇಳಿಸ್ತು ಅಂತ."

ಬಟನ್ ಒತ್ತಿ ತೋರಿಸಿದಳು. ನಮ್ಮವರ ತೊಡೆಯ ಮೇಲಿದ್ದ ವಾಕಿಟಾಕಿ ಖಟ್ ಅಂದಿತು.

ಅಲ್ಲೇ ತೀರ್ಮಾನವಾಯಿತು. ಒಂದು ಖಟ್ ಎಂದರೆ ಬಂದೆ. ಎರಡು ಎಂದರೆ ನಿಲ್ಲಿ. ಮೂರು ಎಂದರೆ ತಿರುಗಿ ಬನ್ನಿ, ಸಹಾಯ ಬೇಕು. ನಮ್ಮವರು ಒಲ್ಲೆ ಎಂದು ತಲೆ ಅಲ್ಲಾಡಿಸಿದರು, ಭಾಯಿ ನೋಡದವರಂತೆ ಪರೀಕ್ಷೆಗೆಂದು ಅವರನ್ನು ಗಚ್ಚಿಗೆ, ಬಿಲ್ಡಿಂಗಿನ ತಾರಸಿಗೆ, ಹತ್ತಿಸಿ, ತಾವು ಕೆಳಗೆ ರಸ್ತೆಗೆ ಹೋದರು. ನಾನೂ ನಮ್ಮವರ ಹಿಂದೆ ಗಚ್ಚಿಗೆ ಹತ್ತಿದೆ. "ಅಣ್ಣಾ, ಬಂದ್ರೇನು?" ಎಂದು ಕೆಳಗಿನಿಂದ ಪ್ರಶ್ನೆ. ತುಸು ಹೊತ್ತಾದ ಮೇಲೆ ಒಂದು ಖಟ್. ಅದಕ್ಕೆ ಉತ್ತರ ಬಂದದ್ದು ಮಾತ್ರ ಭಾಯಿಯದಲ್ಲ. "ಕೌನ್ ಹೈ ರೇ? ಪಾನೀ ಕಾ ಟ್ಯಾಂಕರ್ ಆಯಾ ಕ್ಯಾ? ಬೋಲ್ ನಾ!" ಎಂದು ಪಕ್ಕದ ಬಿಲ್ಡಿಂಗಿನ ವಾಚ್‌ಮನ್ ಗದರಿದ. ಅವರದೂ ಅದೇ ಚಾನೆಲ್ಲು. ನಮ್ಮವರಿಗೆ ಏನನ್ನಿಸಿತೋ, ಒಂದು ಖಟ್ ಒತ್ತಿದರು. ಆ ಪುಣ್ಯಾತ್ಮ ನೀರಿನ ಟ್ಯಾಂಕರ್ ಬಂತೆಂದು ಗೇಟು ಪೂರ್ತಿ ತೆರೆದು ನಿಂತ. ಗಚ್ಚಿನ ಮೇಲೆ ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದನಿ ಇಲ್ಲದ ನಗು, ಬರೀ ಭುಜ ಕುಣಿಯುತ್ತಿತ್ತು. ವರ್ಷದ ಮೇಲೆ ನಾನು ಕಂಡ ಮೊದಲ ನಗು ಅದು. ಆ ವಾಚ್‌ಮನ್‌ಗೆ ಮರುದಿನ ಹಬ್ಬದಲ್ಲಿ ಉಳಿದ ಕರಂಜಿ ಚಕ್ಕುಲಿ ಎಲ್ಲ ಕೊಟ್ಟು ಬಂದೆ; ಯಾಕೆ ಕೊಟ್ಟೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಹೊರಡುವ ದಿನ ಗೇರ್‌ಬಾಕ್ಸ್ ಸರಿಯಾಗಿಯೇ ಇತ್ತು. ಭಾಯಿ ಮುಂದೆ, ಆಮೇಲೆ ಹುಡುಗಿ, ಆಮೇಲೆ ನಾನಿದ್ದ ಬೊರಿವಲಿಯವರ ಗಾಡಿ. ಕೊನೆಯದು ನಮ್ಮವರದು, ಜೀಪಿನಲ್ಲಿ ಅವರೊಬ್ಬರೇ. ಕೊನೆಗೆ ಇರುತ್ತೇನೆ ಎಂದು ಬೆರಳು ಹಿಂದಕ್ಕೆ ತೋರಿಸಿದವರು ಅವರೇ. ಡಾಂಬರು ಮುಗಿದು ಕೆಮ್ಮಣ್ಣಿನ ದಾರಿ ಶುರುವಾಯಿತು. "ಎಲ್ಲಾರೂ ಬಂದ್ರೇನು?" ಎಂದು ಭಾಯಿ ಕೇಳುವರು. "ಬಂದೆ." "ಬಂದ್ವಿ." ಖಟ್. ಪ್ರತಿ ಸಲ ಆ ಖಟ್ ಬರುವ ತನಕ ನಾನು ಸೀಟಿನ ಅಂಚಿನಲ್ಲೇ ಕೂತಿರುತ್ತಿದ್ದೆ.

ಗುಡ್ಡ ಬಳಸಿ ಇಳಿಯುವ ಕಡಿದಾದ ತಿರುವೊಂದನ್ನು ದಾಟಿದ ಮೇಲೆ ಭಾಯಿ ಮತ್ತೆ ಕೇಳಿದರು. ಹುಡುಗಿ ಬಂದೆ ಎಂದಳು. ನಾವು ಬಂದ್ವಿ ಎಂದೆವು. ಆಮೇಲೆ ಏನೂ ಇಲ್ಲ.

"ಅಣ್ಣಾ, ಬಂದ್ರೇನು?"

ಏನೂ ಇಲ್ಲ. ಮೂರೂ ಗಾಡಿಗಳು ನಿಂತವು. ಹಿಂದೆ ನೋಡಿದರೆ ಬರೀ ಧೂಳು. ಆ ಇಳಿಜಾರಿನ ಒಂದು ಪಕ್ಕಕ್ಕೆ ಪ್ರಪಾತವಿತ್ತು. ನಾನೇ ಹಟ ಹಿಡಿದು ಅವರನ್ನು ಒಬ್ಬರನ್ನೇ ಬಿಟ್ಟೆನಲ್ಲ. ವಾಕಿಟಾಕಿ ನನ್ನ ಕೈಯಲ್ಲೇ ಇತ್ತು. ಹಾಲಿನವನಿಗೂ ಲಿಫ್ಟಿನವರಿಗೂ ಅವರ ಪರವಾಗಿ ಉತ್ತರಿಸಿದವಳು ಈ ಒಂದು ಪ್ರಶ್ನೆಗೆ ಉತ್ತರಿಸುವಂತಿರಲಿಲ್ಲ. ಬಾಗಿಲು ತೆರೆದು ಕೆಳಗಿಳಿದೆ, ಓಡಲು ಸೀರೆ ಎತ್ತಿ ಸಿಕ್ಕಿಸಿಕೊಂಡೆ.

ಖಟ್, ಖಟ್.

ನಿಲ್ಲಿ ಅಂತ. ಮೊದಲೇ ನಿಂತವರಿಗೆ ನಿಲ್ಲಿ ಅಂತ! "ನಿಂತೇ ಇದ್ದೀವ್ರೀ ಅಣ್ಣಾ. ನೀವ್ ಸಾವಕಾಶ ಬರ್ರಿ" ಎಂದರು ಭಾಯಿ. ಒಂದು ಖಟ್ ಬಂತು. ಸ್ವಲ್ಪ ಹೊತ್ತಿಗೆ ಧೂಳಿನೊಳಗಿನಿಂದ ಜೀಪು ಬಂತು. ನಾನು ಕೂಡುವ ಸೀಟಿನಲ್ಲಿ ಒಂದು ಉದ್ದನೆಯ ಚೀಲ ಬೆಲ್ಟು ಹಾಕಿಕೊಂಡು ಕೂತಿತ್ತು. ಬೊರಿವಲಿಯವರ ಗಾಡಿಯ ತಲೆಯ ಮೇಲೆ ಕಟ್ಟಿದ್ದ ಚೀಲ ಅದು. ನಮ್ಮೆಲ್ಲರ ಡೇರೆಗಳ ಕೋಲುಗಳು ಅದರಲ್ಲಿದ್ದವು. ತಿರುವಿನಲ್ಲಿ ಗಂಟು ಬಿಚ್ಚಿ ಬಿದ್ದದ್ದು ನಮಗೆ ಗೊತ್ತೇ ಆಗಿರಲಿಲ್ಲ. ಅದನ್ನು ಕಂಡು ಅವಸರದಲ್ಲಿ ಇಳಿದು ಎತ್ತಲು ಹೋದವರು ವಾಕಿಟಾಕಿಯನ್ನು ಜೀಪಿನಲ್ಲೇ ಬಿಟ್ಟಿದ್ದರು. ಬ್ಯಾಂಕಿನವರ ಗಂಟಿಗೆ ಒಳ್ಳೆಯ ಬಡ್ಡಿ ಬಂತು ಎಂದು ನಾನು ಬೊರಿವಲಿಯವರನ್ನು ಕಾಡಿಸಿದೆ.

ಸಂಜೆ ಬಿಸಿಲು ಇರುವಾಗಲೇ ಕೆರೆಯ ದಂಡೆಯಲ್ಲಿ ಡೇರೆಗಳು ಎದ್ದವು. ಶೌಚದ ಡೇರೆ ನಾನು ಹೇಳಿದ ದಿಕ್ಕಿಗೇ. ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತರು. ನಾನು ರೊಟ್ಟಿ ಮುರಿದು ಹಾಕುತ್ತಿದ್ದೆ. ಡೇರೆ ಎದ್ದಿತ್ತು, ಗಂಡ ಕಣ್ಣೆದುರಿಗಿದ್ದರು, ಆದರೂ ಹಳೆಯ ಮುಳ್ಳು ಚುಚ್ಚುತ್ತಿತ್ತು. ಕೇಳಿಯೇಬಿಟ್ಟೆ.

"ಭಾಯಿ, ಹ್ವಾದ ಚಳಿಗಾಲದಾಗ ನೀವೆಲ್ಲಾ ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಹೋಗಿಲ್ಲ ಭಾಭಿ."

"ಸುಳ್ಳು ಹೇಳಬ್ಯಾಡ್ರಿ. ಆ ಹುಡುಗಿ ಗಾಡಿಗೆ ಕೆಸರು ಇತ್ತು."

"ಆಂಟಿ, ವೋ ತೋ ಶೂಟಿಂಗ್ ಕೆಸರು" ಎಂದಳು ಹುಡುಗಿ, ಬಾಯಿ ತುಂಬ ರೊಟ್ಟಿ.

"ಹಂಗಾದ್ರ ಯಾಕ ಹೋಗ್ಲಿಲ್ಲ?"

ಇದೆಂಥ ಪ್ರಶ್ನೆ ಎಂಬಂತೆ ಭಾಯಿ ನನ್ನನ್ನು ನೋಡಿದರು. "ಯಾಕ ಅಂದ್ರ? ನಾ ಎಲ್ಲಾರೂ ಬರ್ತೀರೇನು ಅಂತ ಕೇಳಿದ್ನಲ್ರೀ. ಅಣ್ಣಾ ಜವಾಬ್ ಕೊಟ್ಟಿದ್ದಿಲ್ಲ. ಜವಾಬ್ ಬರೋತನಾ ಮುಂದ ಹ್ಯಾಂಗ ಹೋಗೋದು? ಅವರೇ ಹಾಕಿದ ಕಾಯ್ದೆ."

ಅಷ್ಟು ಹೇಳಿ ಚಟ್ನಿ ಕೇಳಿದರು. ನನ್ನ ಕೈ ಡಬ್ಬಿಯಲ್ಲೇ ನಿಂತಿತು. ಒಂದು ವರ್ಷ. ನಾನು ಭಾಂಡಿ ತಿಕ್ಕುತ್ತ ಬೈಯುತ್ತಿದ್ದ ಆ ಇಡೀ ವರ್ಷ ಇವರು ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ನಮಗಾಗಿ ಕಾಯುತ್ತಿದ್ದರು. ಕಾಯುತ್ತಿದ್ದೇವೆ ಎಂದು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ನಮ್ಮವರು ಕೆರೆಯ ಕಡೆ ಮುಖ ಮಾಡಿ ಕೂತಿದ್ದರು. ಕೇಳಿಸಿಕೊಂಡರು ಎಂದು ಬೆನ್ನು ನೋಡಿಯೇ ತಿಳಿಯಿತು. ಅವರು ತಿರುಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಸೊಂಟದಿಂದ ವಾಕಿಟಾಕಿ ತೆಗೆದು ಬಟನ್ ಒತ್ತಿದರು. ಭಾಯಿಯ ಪಕ್ಕದಲ್ಲಿ, ಹುಡುಗಿಯ ಮಡಿಲಲ್ಲಿ, ಬೊರಿವಲಿಯವರ ನೀರಿನ ಕ್ಯಾನಿನ ಮೇಲೆ ಇದ್ದವೆಲ್ಲ ಒಮ್ಮೆಗೇ ಖಟ್ ಅಂದವು.

"ಹಾಂ, ಬಂದ್ರು" ಎಂದರು ಭಾಯಿ. ನಾನು ಎದ್ದು ಎಲ್ಲರಿಗೂ ಇನ್ನೊಂದು ರೊಟ್ಟಿ ಹಾಕಿದೆ.