ಕಾಲುವೆ ಕಾದ ಅಕ್ಕೋರು

ಸುಮಂಗಲಾ ಅಕ್ಕೋರ ಕೈಚೀಲದಲ್ಲಿ ಬುತ್ತಿಯ ಜೊತೆಗೆ ಒಂದು ಕೆಟ್ಟ ರೇಡಿಯೋ ಇದ್ದೇ ಇರುತ್ತಿತ್ತು. ಸುರಪುರದ ಬಸ್ಸಿಳಿದು ದೇವಾಪುರದ ನಮ್ಮ ಶಾಲೆಗೆ ಪಾಠ ಹೇಳಲು ಬರುವ ದಾರಿಯಲ್ಲಿ ಮನೆಮನೆ ಕೇಳಿ ತರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹುಡುಗಿಯರನ್ನಷ್ಟೇ ಕೂಡಿಸಿಕೊಂಡು, ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ಬಿಚ್ರವ್ವಾ, ಅಂಜಬ್ಯಾಡ್ರಿ. ಕೆಟ್ಟಿದ್ದು ಇನ್ನೇನ್ ಕೆಡ್ತದ?" ಎನ್ನುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ವಿಜ್ಞಾನ ಕ್ಲಬ್. ಊರವರಿಟ್ಟದ್ದು ಗುಜರಿ ಅಂಗಡಿ.

ನಾನಾಗ ಒಂಬತ್ತನೆಯ ತರಗತಿ. ನಮ್ಮ ಹೊಲ ಕಾಲುವೆಯ ಕಟ್ಟಕಡೆಗೆ. ನೀರಿನ ಪಾಳಿ ಬಂದಾಗ, ನೀರು ಯಾವಾಗ ಮುಟ್ಟೀತೋ ಎಂದು ಹೊಲಗಾಲುವೆಯ ಬಾಯಿಗೆ ಕೂತು ಕಾಯುವವಳು ನಾನೇ. ಅಷ್ಟು ದಿನ ಶಾಲೆಗೆ ಚಕ್ಕರ್. ಅಕ್ಕೋರು ಉಪಾಯ ಹುಡುಕಿದರು.

"ನೀ ಕುಂದ್ರೂ ಜಾಗಾದಾಗ ಗಂಟಿ ಕುಂದರ್ಸೂನು. ನೀ ಸಾಲಿಗಿ ಬಾ."

ನೀರು ಬಂದರೆ ಡಬ್ಬಿಯೊಂದು ತೇಲಿ ಎರಡು ತಂತಿ ಕೂಡಿಸಬೇಕು, ಹೊಲದ ಆ ತುದಿಯಲ್ಲಿರುವ ಅಪ್ಪನಿಗೆ ಗಂಟೆ ಕೇಳಬೇಕು. ತಿಂಗಳು ಹೆಣಗಿದೆವು. ಗಂಟೆ ಹೊಡೆಯಿತು!

ಹೊಡೆದದ್ದೇ ತಪ್ಪಾಯಿತು. ಸುತ್ತಲಿನ ಹೊಲದವರೆಲ್ಲ ನಮಗೂ ಬೇಕೆಂದರು. ಎಮ್ಮೆ ತುಳಿದರೆ ತಂತಿ ಹರಿಯುತ್ತಿತ್ತು, ಸೆಲ್ಲು ನೆನೆಯುತ್ತಿತ್ತು. ಸರಿಮಾಡಲು ನಾನೇ ಬೇಕು. ಹತ್ತನೆಯ ತರಗತಿಗೆ ಬರುತ್ತಲೇ ಅಪ್ಪ ಹೆಮ್ಮೆಯಿಂದ ನನ್ನನ್ನು ಹೊಲದಲ್ಲಿ ನಿಲ್ಲಿಸಿಕೊಂಡ. ಶಾಲೆಯಲ್ಲಿ ಹೆಸರಷ್ಟೇ ಉಳಿಯಿತು.

ಅಕ್ಕೋರು ಹೊಲಕ್ಕೇ ಬಂದರು. "ಅಣ್ಣಾರ, ಕೈಮುಗೀತೀನ್ರಿ, ಹುಡುಗಿನ್ನ ಕಳಸ್ರಿ."

"ನೀವ ಕಲಿಸೀರಲ್ರಿ ಅಕ್ಕೋರ? ಈಗ ಆಕಿನ್ನ ಬಿಟ್ರ ಯಾರಿಗಿ ಬರ್ತದ್ರಿ ಇದು?"

ಅಪ್ಪನ ಮಾತಿನಲ್ಲಿ ಕುಹಕವಿರಲಿಲ್ಲ. ಅಪ್ಪನಿಗೇ ಕಲಿಸುತ್ತೇನೆಂದು ಅಕ್ಕೋರು ನಾಲ್ಕು ಸಂಜೆ ಬಂದರು. ಅವನು ಸ್ಕ್ರೂಡ್ರೈವರ್ ಮುಟ್ಟಲೂ ಇಲ್ಲ. ಕೊನೆಗೆ ಅಕ್ಕೋರು ಬದುವಿನ ಮೇಲೆ ಕುಸಿದು ಕೂತು, "ನನ್ನ ಕೈಯಾರೆ ನಾನ ನಿನ್ನ ಸಾಲಿ ಬಿಡಿಸಿದ್ನೇನವಾ" ಎಂದು ಅತ್ತರು. ನನಗೆ ಸಿಟ್ಟು ಬಂತು. ಅಪ್ಪನ ಮೇಲೋ ಅವರ ಮೇಲೋ ಇಂದಿಗೂ ತಿಳಿಯದು.

ಸುರಪುರದಲ್ಲಿ ಹತ್ತನೆಯ ತರಗತಿಯ ಗಣಿತ ಪರೀಕ್ಷೆಯಿದ್ದ ದಿನವೇ ನಮ್ಮ ಪಾಳಿ. ಹಾಳಾದ ಗಂಟೆ ಹಿಂದಿನ ದಿನವೇ ಕೆಟ್ಟು ಕೂತಿತ್ತು. "ಮೊದಲ ನೀರು, ಆಮ್ಯಾಗ ಪರೀಕ್ಷಿ" ಎಂದ ಅಪ್ಪ. ಬೆಳಿಗ್ಗೆ ನೋಡಿದರೆ ಅಕ್ಕೋರು ರಜೆ ಹಾಕಿ ಹೊಲದಲ್ಲಿ ಹಾಜರ್!

"ಇವತ್ತ ನಾ ಕಾಯ್ತೀನ್ರಿ ಅಣ್ಣಾರ. ಏಯ್, ನೀ ಓಡು, ಬಸ್ ಹೋಗ್ತದ!"

ಅಪ್ಪ ಸಲಿಕೆಯನ್ನು ಅವರ ಕೈಗೆ ಕೊಟ್ಟ. ನಾನು ಓಡಿದೆ.

ಮಧ್ಯಾಹ್ನ ತಿರುಗಿ ಬಂದಾಗ ಅಕ್ಕೋರು ಸೀರೆ ಎತ್ತಿ ಕಟ್ಟಿ, ಕೆಸರಿನಲ್ಲಿ ನಿಂತು, ಸಲಿಕೆಯಿಂದ ನೀರು ತಿರುಗಿಸುತ್ತಿದ್ದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು.

"ಹ್ಯಾಂಗ ಬರ್ದಿ?"

ವರ್ಷವಿಡೀ ಪಾಠ ಕೇಳದವಳು ಏನು ಬರೆದಾಳು? ನಂಬರು ಹಾಕಿ ಎರಡು ಲೆಕ್ಕ ಮಾಡಿದ್ದೆ. ಉಳಿದ ಹಾಳೆಯೆಲ್ಲ ಖಾಲಿ.

"ಛಲೋ ಬರ್ದೀನ್ರಿ" ಎಂದೆ.

ಅವರು ನಗುತ್ತ ಕೆಸರುಗೈಯಲ್ಲೇ ನನ್ನ ಗಲ್ಲ ಹಿಡಿದರು. ಫಲಿತಾಂಶ ಬರುವಷ್ಟರಲ್ಲಿ ಅವರಿಗೆ ವರ್ಗವಾಗಿತ್ತು; ಮತ್ತೆ ನೋಡಲಿಲ್ಲ. ನಾನು ಫೇಲಾದದ್ದನ್ನು ಅವರಿಗೆ ಯಾರೂ ಹೇಳದಿರಲಿ ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ.