ಭಾಲ್ಕಿಯ ಗೋಡೆ ದಾಟಿದ ಚೀನಿ ರಕಾಬಿ

ನನಗೂ ಹೆಂಡತಿಗೂ ಹೇಳಿದ ಚೀನಾ ಪ್ರವಾಸದ ದರದಲ್ಲಿ ಹಾಲು ಕೊಡುವ ಒಂದು ಎಮ್ಮೆಯ ಬೆಲೆಯಷ್ಟು ಇಳಿಸಿಕೊಂಡೆ. ಮರುಗಳಿಗೆ ಅಷ್ಟನ್ನೂ ಒಂದು ದಿನದ ನದಿ ಸುತ್ತಾಟಕ್ಕೆ ವಾಪಸ್ ಕೊಟ್ಟೆ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಬೇಳೆ ಮಾರಿ ತಲೆ ನರೆಸಿಕೊಂಡವನು ಹೀಗೆ ಮಾಡಿದ್ದು ಕೇಳಿ ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು. ಟೂರಿನವನು ತೋರಿಸಿದ ಚಿತ್ರದಲ್ಲಿ ಜೋಳದ ತೆನೆಗಳಂತೆ ನೆಟ್ಟಗೆ ನಿಂತ ಗುಡ್ಡಗಳು, ನಡುವೆ ನದಿ, ಒಂದು ದೋಣಿ. ಆ ದೋಣಿಯನ್ನು ನಾನು ಭಾಲ್ಕಿಯಲ್ಲಿ, ಜೋಳದ ಹಿಟ್ಟಿನ ಕೆಳಗೆ, ಯಾವತ್ತೋ ನೋಡಿದ್ದೆ.

ಭಾಲ್ಕಿಯಲ್ಲಿ ನಮ್ಮ ಮನೆಗೂ ಬೀಬಿಯ ಮನೆಗೂ ನಡುವೆ ಒಂದು ಗೋಡೆ. ನಾನಾಗ ಆ ಗೋಡೆಗಿಂತ ಗಿಡ್ಡ. ಬೀಬಿ ಔರಾದಿನ ತವರಿನಿಂದ ತಂದ ಚೀನಿ ರಕಾಬಿ, ಅಂದರೆ ನೀಲಿಯಲ್ಲಿ ಗುಡ್ಡ, ನದಿ, ದೋಣಿ ಬರೆದ ಪಿಂಗಾಣಿ ತಟ್ಟೆ, ಆ ಗೋಡೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು. ನೆರೆಯವರ ಪಾತ್ರೆಯನ್ನು ಖಾಲಿ ಮರಳಿಸುವ ರೂಢಿ ನಮ್ಮ ಕಡೆ ಇಲ್ಲ. ಆಕೆ ಸೀತಾಫಲ ಕಳಿಸಿದರೆ ಅವ್ವ ಹುಣಸೆಹಣ್ಣಾದರೂ ಹಾಕಿ ಕಳಿಸಬೇಕು. ಕೊಟ್ಟು ತೆಗೆದುಕೊಂಡ ಮೇಲೆ ಇಬ್ಬರೂ ಆ ಚಿತ್ರ ನೋಡುತ್ತ ಪ್ರವಾಸದ ಲೆಕ್ಕ ಹಾಕಿಕೊಳ್ಳುತ್ತಿದ್ದರು.

"ಅಕ್ಕಾ, ಈ ಗುಡ್ಡ ದಾಟಿದ ಮ್ಯಾಲ ಊಟಕ್ಕೇನ್ ಮಾಡೂದ್ರಿ?" ಬೀಬಿ ಅವ್ವನನ್ನು ಕೇಳುವಳು.

"ರೊಟ್ಟಿ ಕಟ್ಕೊಂಡು ಹೋಗೂಣು. ಶೇಂಗಾ ಹಿಂಡಿ ತಿಂಗಳು ಇರ್ತದ."

"ದೋಣಿಯವ ಎಷ್ಟು ಕೇಳ್ತಾನೋ."

"ಕೇಳಲಿ. ಅರ್ಧಕ್ಕ ತರ್ತೇನಿ."

ನನ್ನ ವ್ಯಾಪಾರದ ಬುದ್ಧಿ ಎಲ್ಲಿಂದ ಬಂತೆಂದು ಕೇಳುವವರಿಗೆ ಇದೇ ಉತ್ತರ.

ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆದ ಮೇಲೆ ಬೀಬಿಯ ಮನೆಯ ಬಾಗಿಲು ತೆರೆಯಲಿಲ್ಲ. ಗಂಡ ನಿಜಾಮನ ಕಚೇರಿಯ ಗುಮಾಸ್ತ. ನಿಜಾಮನ ಕಡೆಯವರೆಂದು ಹೊಡೆದಾರೆಂಬ ಭಯಕ್ಕೆ ಬಜಾರಿಗೆ ಹೋಗುವ ಧೈರ್ಯ ಅವರಲ್ಲಿ ಯಾರಿಗೂ ಇರಲಿಲ್ಲ. ಒಲೆಯ ಹೊಗೆ ಏಳದ್ದು ನಮಗೆ ಕಾಣುತ್ತಿತ್ತು. ಸುಮ್ಮನೆ ಕೊಟ್ಟರೆ ಬೀಬಿ ಮುಟ್ಟುವವಳಲ್ಲ. ರಕಾಬಿ ಆಗ ನಮ್ಮಲ್ಲಿತ್ತು. ಅವ್ವ ಅದರಲ್ಲಿ ಜೋಳದ ಹಿಟ್ಟು ಒಟ್ಟಿ ಗೋಡೆಯ ಮೇಲಿಟ್ಟು, "ನಿನ್ನ ರಕಾಬಿ ತಗೋ ಬೀಬಿ. ಖಾಲಿ ಹ್ಯಾಂಗ ಕೊಡಲಿ?" ಎಂದಳು. ರೂಢಿಗೆ ಬೇಡವೆನ್ನಲಾಗದೆ ಬೀಬಿ ಎತ್ತಿಕೊಂಡಳು. ಮರುದಿನ ರಕಾಬಿ ಬಂತು, ಅದರಲ್ಲಿ ಒಂದೆಸಳು ಕರಿಬೇವು. ಅವ್ವ ಮತ್ತೆ ಹಿಟ್ಟು ಒಟ್ಟಿದಳು. ಮತ್ತೆ ಕರಿಬೇವು. ಇಂಥ ಲುಕ್ಸಾನಿನ ಸೌದಾ ನಾನು ಗಂಜಿನಲ್ಲಿ ಕಂಡಿಲ್ಲ. ಅವ್ವ ಮಾತ್ರ ಅದನ್ನು ಮೂಸಿ, ಗೋಡೆಯಾಚೆ ಕೇಳುವಂತೆ, "ಭಾಳ ಘಮಾ ಅದ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ರಕಾಬಿಯ ತುಂಬ ಸೀತಾಫಲ. ಆಚೆ ಗಿಡದಲ್ಲಿ ಒಂದು ಕಾಯಿಯೂ ಉಳಿದಿರಲಿಲ್ಲ. ಬೀಬಿ, ಗಂಡ, ಮಗಳು ಜುಬೇದಾ ಹೈದರಾಬಾದಿಗೆ ಹೊರಟುಹೋಗಿದ್ದರು. ತುಂಬಿ ಕೊಡುವ ಪಾಳಿ ನಮ್ಮದಾಗಿ ಉಳಿಯಿತು. ಅವ್ವ ಬದುಕಿರುವತನಕ ಆ ರಕಾಬಿಯಲ್ಲಿ ಯಾರಿಗೂ ಉಣಲಿಕ್ಕೆ ಹಾಕಲಿಲ್ಲ.

ಜುಬೇದಾಳ ಫೋನ್ ನಂಬರು ಹೈದರಾಬಾದಿನ ಬೇಳೆ ಗಿರಾಕಿಯೊಬ್ಬರಿಂದ ಸಿಕ್ಕಿದ್ದು ಈಚೆಗೆ. ವಿಮಾನ ಅಲ್ಲಿಂದಲೇ ಹೊರಡುವುದು, ಹೋಗುವಾಗ ರಕಾಬಿ ಮುಟ್ಟಿಸುತ್ತೇನೆ ಎಂದೆ.

"ಏನು ತುಂಬಿ ತರ್ತೀರಿ ಅಣ್ಣಾ?"

"ಬ್ಯಾಳಿ."

"ಬ್ಯಾಳಿ ಇಲ್ಲೂ ಸಿಗ್ತದ. ಅಮ್ಮಿ ಹೋಗೂತನಕ ಆ ದೋಣಿ ಮಾತೇ ಆಡ್ತಿದ್ಳು. ಈಗ ನೀವಷ್ಟೇ ಕೂತು ಬರ್ತೀರೇನು?" ಹಿಂದೆಯೇ ಅಂದಳು, "ನನ್ನ ಟಿಕೇಟಿನ ದರಾನೂ ಇಳಸ್ರಿ."

ನೀವೂ ಹೋಗುವವರಿದ್ದರೆ ಕೇಳಿ. ಇಬ್ಬರಿಗಲ್ಲ, ಮೂವರಿಗೆ ದರ ಕೇಳಿ, ಬೇಗ ಬಗ್ಗುತ್ತಾರೆ. ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಒದ್ದೆ ಕೈ ತಾಗಿಸಬೇಡಿ. ದೋಣಿಯವನ ಹತ್ತಿರ ಅರ್ಧದಿಂದ ಶುರು ಮಾಡಿ. ಹೈದರಾಬಾದಿನತನಕ ಪಿಂಗಾಣಿ ಒಯ್ಯುವುದಿದ್ದರೆ ಖಾಲಿ ಒಯ್ಯಬೇಡಿ; ಡಬ್ಬಿಯಲ್ಲಿಟ್ಟು ಮೇಲೆ ಕೆಳಗೆ ಜೋಳದ ಹಿಟ್ಟು ಒತ್ತಿ ತುಂಬಿ. ಒಡೆಯುವುದಿಲ್ಲ.